ಅಂಗಡಿ ಬಾಗಿಲಲ್ಲಿ ಕಳೆದ ನಿಮಿಷ, ರಸ್ತೆಯಲ್ಲಿ ವಸೂಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪೇಟೆಯೊಳಗೆ ಮಾಲು ಇಳಿಸುವ ಸಣ್ಣ ಗೂಡ್ಸ್ ಗಾಡಿಗಳ ಬಗ್ಗೆ. ಒಂದೇ ಅರ್ಥದ ಪತ್ರಗಳನ್ನು ಒಟ್ಟು ಮಾಡಿದ್ದೇವೆ.

ಕಾರವಾರದ ಗ್ರೀನ್ ಸ್ಟ್ರೀಟ್ ಸುತ್ತಮುತ್ತ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಟಾಟಾ ಏಸ್, ಪಿಕಪ್, ಬ್ರೆಡ್ಡಿನ ಗಾಡಿ, ನೀರಿನ ಕ್ಯಾನಿನ ಗಾಡಿ ಎಲ್ಲ ಒಟ್ಟಿಗೇ ನುಗ್ಗುತ್ತವೆ. ಹಿಂದಿನಿಂದ ಹಾರ್ನ್, ಪಕ್ಕದಿಂದ ಕಟ್. ಸ್ಕೂಟರಿನವರಿಗೆ ಒಂದಿಂಚು ಜಾಗ ಬಿಡುವುದಿಲ್ಲ. ಈ ಚಾಲಕರ ಸ್ವಭಾವವೇ ಹೀಗೋ, ಬೇರೆ ಕಾರಣ ಉಂಟೋ?
— ಕಾಜುಬಾಗದ ಶಿಕ್ಷಕಿಯೊಬ್ಬರು

ಸ್ವಭಾವ ಅನ್ನುವ ಮೊದಲು ಒಂದು ಲೈನ್ ಗಾಡಿಯ ದಿನದ ಲೆಕ್ಕ ಹಾಕಿ ನೋಡಿ. ಸೋಪು, ಬಿಸ್ಕೀಟು, ಎಣ್ಣೆ ಪ್ಯಾಕೆಟ್ ಹಂಚುವ ಗಾಡಿಗೆ ಬೆಳಿಗ್ಗೆ 40 ಅಂಗಡಿಗಳ ಬಿಲ್ಲು ಕೊಟ್ಟು ಕಳಿಸಿದರು ಅಂತಿಟ್ಟುಕೊಳ್ಳಿ. ಒಂದು ಅಂಗಡಿಗೆ 8 ನಿಮಿಷ ಹಿಡಿದರೆ 320 ನಿಮಿಷ ಅಲ್ಲೇ ಹೋಯಿತು. ಗೋದಾಮಿನಲ್ಲಿ ಲೋಡ್ ಮಾಡಲು ಒಂದು ಗಂಟೆ. ಸಂಜೆ ಹಣದ ಲೆಕ್ಕ ಒಪ್ಪಿಸಿ, ವಾಪಸ್ ಬಂದ ಡ್ಯಾಮೇಜ್ ಮಾಲು ಇಳಿಸಲು ಇನ್ನೊಂದು ಗಂಟೆ. ಎಂಟು ಗಂಟೆಯ ದುಡಿಮೆಯಲ್ಲಿ ಗಾಡಿ ಓಡಿಸಲು ಉಳಿದದ್ದು 40 ನಿಮಿಷ. ಊಟದ ಹೊತ್ತನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಇನ್ನು ಒಂದೊಂದು ಅಂಗಡಿಯಲ್ಲಿ ಎರಡೇ ಎರಡು ನಿಮಿಷ ಹೆಚ್ಚಾಗಲಿ. 80 ನಿಮಿಷ! ಇದ್ದ 40 ಪೂರ್ತಿ ಮುಳುಗಿ, ಮೇಲೆ 40 ನಿಮಿಷ ಸಾಲ. ಆ ಎರಡು ನಿಮಿಷ ಹೇಗೆ ಹೋಗುತ್ತದೆ ಅನ್ನುವುದು ಅಂಗಡಿ ಮೆಟ್ಟಿಲ ಮೇಲೆ ನಿಂತರೆ ಕಾಣುತ್ತದೆ. ಬಾಗಿಲಿಗೆ ಅಡ್ಡವಾಗಿ ಯಾರದೋ ಬೈಕು. ಯಜಮಾನರು ಗಿರಾಕಿಗೆ ತೊಗರಿಬೇಳೆ ತೂಗುತ್ತಿದ್ದಾರೆ, “ಸ್ವಲ್ಪ ನಿಲ್ಲು ತಮ್ಮಾ” ಅನ್ನುತ್ತಾರೆ. ಬಿಲ್ಲಿನಲ್ಲಿ ಎರಡು ಪೆಟ್ಟಿಗೆ, ಇವರು ಹೇಳಿದ್ದು ಒಂದೇ ಅಂತ ವಾದ. ಹೋದ ತಿಂಗಳ ಒಡೆದ ಪ್ಯಾಕೆಟ್ಟಿನ ದುಡ್ಡು ಕಳೆಯಿರಿ ಅಂತ ಇನ್ನೊಂದು. ಚಾಲಕ ಅಲ್ಲಿ ದನಿ ಎತ್ತುವಂತಿಲ್ಲ. ಅಂಗಡಿಯವರು ಏಜೆನ್ಸಿಗೆ ಫೋನ್ ಮಾಡಿ ದೂರಿದರೆ ಅವನ ಕೆಲಸಕ್ಕೇ ಸಂಚಕಾರ. ಹಾಗಾಗಿ ಅಲ್ಲಿ ತಲೆತಗ್ಗಿಸಿ ಕಳೆದುಕೊಂಡದ್ದನ್ನು, ತನ್ನನ್ನು ಯಾರೂ ಗುರುತು ಹಿಡಿಯದ ಕಡೆ, ಅಂದರೆ ರಸ್ತೆಯ ಮೇಲೆ, ವಸೂಲಿ ಮಾಡಲು ಹೊರಡುತ್ತಾನೆ. ನೀವು ಕಂಡ ಕಟ್ಟು, ಹಾರ್ನು ಬಹುಪಾಲು ಇದೇ.

ದುಃಖದ ಸಂಗತಿ ಏನೆಂದರೆ ರಸ್ತೆ ಅದನ್ನು ವಾಪಸ್ ಕೊಡುವುದಿಲ್ಲ. ಪೇಟೆಯೊಳಗೆ ದಿನದ ಓಡಾಟ 12 ಕಿ.ಮೀ. ಅಂದುಕೊಳ್ಳಿ. ಸರಾಸರಿ ವೇಗ 20 ಇದ್ದರೆ 36 ನಿಮಿಷ. ಎಲ್ಲರನ್ನೂ ಹೆದರಿಸಿ, ಸಂದಿಗೊಂದಿಯಲ್ಲಿ ನುಗ್ಗಿ ಸರಾಸರಿಯನ್ನು 24ಕ್ಕೆ ಏರಿಸಿದರೂ 30 ನಿಮಿಷ. ಇಡೀ ದಿನದ ಸಾಹಸಕ್ಕೆ ಸಿಕ್ಕಿದ್ದು 6 ನಿಮಿಷ. ಮೂರು ಅಂಗಡಿಯಲ್ಲಿ ಕಾದರೆ ಅದೂ ಹೋಯಿತು.

ಕೂಲಿಯ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಟ್ರಿಪ್ಪಿಗೆ ಇಷ್ಟು ಅಂತ ಬಾಡಿಗೆ ಇದ್ದರೆ ದಿನಕ್ಕೆ ಎರಡು ಟ್ರಿಪ್ಪಾದರೆ ಮಾತ್ರ ಡೀಸೆಲ್ಲು ಮತ್ತು ಸಾಲದ ಕಂತು ಕಳೆದು ಏನಾದರೂ ಉಳಿಯುತ್ತದೆ. ಅಂಗಡಿಯಲ್ಲಿ ಕಾದ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಎರಡನೆಯದು ಗಾಡಿಯ ಕಟ್ಟೋಣ. 2005ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟಾಟಾ ಏಸ್‌ಗೆ ಇದ್ದದ್ದು 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, ಸುಮಾರು 16 ಅಶ್ವಶಕ್ತಿ. ಒಂದೂವರೆ ಟನ್ ತೂಗುವ ತುಂಬಿದ ಗಾಡಿಯನ್ನು ಇಷ್ಟು ಚಿಕ್ಕ ಎಂಜಿನ್ ನಿಂತಲ್ಲಿಂದ 30 ಕಿ.ಮೀ. ವೇಗಕ್ಕೆ ಎಬ್ಬಿಸಲು ಒದ್ದಾಡುತ್ತದೆ. ಒಮ್ಮೆ ಹಿಡಿದ ಓಟ ಬಿಡಲು ಚಾಲಕನಿಗೆ ಮನಸ್ಸಾಗುವುದಿಲ್ಲ. ಕಾರಿನವರು ಬ್ರೇಕ್ ಒತ್ತುವ ಕಡೆ ಇವನು ಹಾರ್ನ್ ಒತ್ತುತ್ತಾನೆ. ಜೊತೆಗೆ ಸೀಟು ಮುಂದಿನ ಚಕ್ರದ ಮೇಲೇ ಇದೆ, ಎದುರಿಗೆ ಬಾನೆಟ್ ಇಲ್ಲ. ಮುಂದಿನ ಗಾಡಿಯ ಬಂಪರಿಗೆ ಮೂರಡಿ ಹತ್ತಿರ ಹೋದರೂ ಕೂತವನಿಗೆ ಎಲ್ಲ ಕಣ್ಣಳತೆಯಲ್ಲೇ ಇದೆ ಅನ್ನಿಸುತ್ತದೆ. ಮುಂದಿನವರಿಗೆ ಮಾತ್ರ ಮೈಮೇಲೆ ಬಿದ್ದಂತಾಗುತ್ತದೆ.

ಮೂರನೆಯದನ್ನೂ ಹೇಳದಿದ್ದರೆ ಚಾಲಕರಿಗೆ ಅನ್ಯಾಯವಾಗುತ್ತದೆ. 40 ಅಂಗಡಿ ಅಂದರೆ 40 ಸಲ ಬದಿಗೆ, 40 ಸಲ ಮತ್ತೆ ರಸ್ತೆಗೆ. ದಿನಕ್ಕೆ 80 ಸಲ ಅವನು ಯಾರದೋ ದಾರಿಗೆ ಅಡ್ಡ ಬರಲೇಬೇಕು. ಮನೆಯ ಕಾರು ಅದೇ ದಿನದಲ್ಲಿ ನಾಲ್ಕೋ ಆರೋ ಸಲ. ತಪ್ಪಿನ ಪ್ರಮಾಣ ಇಬ್ಬರದೂ ಒಂದೇ ಇದ್ದರೂ ನಿಮ್ಮ ಕಣ್ಣಿಗೆ ಬೀಳುವುದು ಹಳದಿ ನಂಬರ್ ಪ್ಲೇಟೇ. ಆದರೆ 80ರಲ್ಲಿ 79 ಸಲ ಏನೂ ಆಗದಿದ್ದಾಗ, ಕನ್ನಡಿ ನೋಡದೆ ನುಗ್ಗಿದರೂ ನಡೆಯುತ್ತದೆ ಅಂತ ಕೈಗೆ ರೂಢಿ ಬೀಳುತ್ತದೆ. ಹೊಸಬರಿಗಿಂತ ಹತ್ತು ವರ್ಷ ಅದೇ ಲೈನ್ ಹೊಡೆದವರಲ್ಲಿ ಈ ರೂಢಿ ಗಟ್ಟಿ. ಕಾರಣ ತಿಳಿದ ಮಾತ್ರಕ್ಕೆ ಇದನ್ನು ಒಪ್ಪಬೇಕಿಲ್ಲ. ಸ್ಕೂಟರಿನಲ್ಲಿ ಇರುವವರ ಮೂಳೆಗೆ ಕಾರಣ ಗೊತ್ತಾಗುವುದಿಲ್ಲ.

ನಮ್ಮದು ಶಿರಸಿಯಲ್ಲಿ ಕಿರಾಣಿ ಅಂಗಡಿ. ಗಾಡಿಯವರು ರಸ್ತೆ ಮಧ್ಯ ನಿಲ್ಲಿಸಿ ಗಡಿಬಿಡಿ ಮಾಡುತ್ತಾರೆ ಅಂತ ನಾವೇ ಬೈಯುತ್ತೇವೆ. ಅಂಗಡಿಯವರ ಕಡೆಯಿಂದ ಮಾಡುವಂಥದ್ದು ಏನಾದರೂ ಇದೆಯೇ?
— ಸಿ.ಪಿ. ಬಜಾರ್ ಹತ್ತಿರದ ವ್ಯಾಪಾರಿ

ಇದೆ. ಬಹಳ ಇದೆ. ಎಲ್ಲ ಪತ್ರಗಳಲ್ಲಿ ನಿಮ್ಮದು ನಮಗೆ ಹೆಚ್ಚು ಸಂತೋಷ ಕೊಟ್ಟಿತು. ಮೇಲಿನ ಲೆಕ್ಕದಲ್ಲಿ ಒಂದು ಅಂಗಡಿಗೆ 8 ನಿಮಿಷ ಅಂದೆವಲ್ಲ, ಅದನ್ನು 6ಕ್ಕೆ ಇಳಿಸಿದರೆ ಚಾಲಕನಿಗೆ ದಿನಕ್ಕೆ 80 ನಿಮಿಷ ಉಳಿಯುತ್ತದೆ. ಇಡೀ ದಿನ ನುಗ್ಗಿ ಗಳಿಸುವ 6 ನಿಮಿಷದ ಎದುರು ಇದನ್ನಿಟ್ಟು ನೋಡಿ.

ಮೊದಲು ಜಾಗ. ಅಂಗಡಿ ಮುಂದೆ ಗಾಡಿ ಉದ್ದ ಮತ್ತು ಹಿಂದಿನ ಬಾಗಿಲು ತೆರೆಯುವ ಜಾಗ ಸೇರಿ 18 ಅಡಿ ಬೇಕು. ಮಾಲು ಬರುವ ಆ ಒಂದು ಗಂಟೆ ನಿಮ್ಮದೇ ಸ್ಕೂಟರನ್ನು, ಹುಡುಗರ ಬೈಕನ್ನು ಬೇರೆಡೆ ಇಡಿ. ಜಾಗ ಸಿಕ್ಕಿದರೆ ಅವನು ರಸ್ತೆಯಲ್ಲಿ ಎರಡನೇ ಸಾಲು ಕಟ್ಟುವುದಿಲ್ಲ.

ಆಮೇಲೆ ಹೊತ್ತು. ಪೇಟೆಯ ಎಲ್ಲ ಅಂಗಡಿಯವರೂ ಬೆಳಿಗ್ಗೆ ಹತ್ತಕ್ಕೇ ಮಾಲು ಬರಲಿ ಅಂದರೆ ಎಲ್ಲ ಗಾಡಿಯೂ ಹತ್ತಕ್ಕೇ ಬರುತ್ತದೆ. ಶಾಲೆ, ಕಚೇರಿಯ ಜನ ರಸ್ತೆಯಲ್ಲಿರುವುದೂ ಆಗಲೇ. ಅಕ್ಕಿ, ಸಕ್ಕರೆ, ಎಣ್ಣೆ ಟಿನ್ನಿನಂಥ ಕೆಡದ ಮಾಲನ್ನು ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಕಳಿಸಿ ಅಂತ ಏಜೆನ್ಸಿಗೆ ಹೇಳಿ. ಹಾಲು, ಬ್ರೆಡ್ಡು, ಸೊಪ್ಪು ಮಾತ್ರ ಬೆಳಿಗ್ಗೆಗೆ ಇರಲಿ. ಅಕ್ಕಪಕ್ಕದ ನಾಲ್ಕು ಅಂಗಡಿಯವರು ಒಟ್ಟಾಗಿ ಹೇಳಿದರೆ ಏಜೆನ್ಸಿಯವರು ಕೇಳುತ್ತಾರೆ, ಒಬ್ಬರೇ ಹೇಳಿದರೆ ಕಷ್ಟ.

ಹಣವನ್ನು ಗಾಡಿ ಬರುವ ಮೊದಲೇ ಎಣಿಸಿ ಬಿಲ್ಲಿನ ಜೊತೆ ರಬ್ಬರ್ ಹಾಕಿಡಿ, ಇಲ್ಲವೇ ಮಾಲು ಇಳಿಯುವಾಗಲೇ ಫೋನಿನಲ್ಲಿ ಕಳಿಸಿ. ಡ್ಯಾಮೇಜ್ ಮಾಲಿನ ವಾದ ಚಾಲಕನ ಹತ್ತಿರ ಬೇಡ. ಅದನ್ನು ತೀರ್ಮಾನಿಸುವ ಅಧಿಕಾರ ಅವನಿಗಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ಒಡೆದದ್ದನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮೇಲೆ ಪಟ್ಟಿ ಅಂಟಿಸಿಡಿ. ಆರ್ಡರ್ ಬರೆಯಲು ಬರುವ ಸೇಲ್ಸ್‌ಮನ್ ಜೊತೆ ಮಾತಾಡಿ.

ಇನ್ನು ಏಜೆನ್ಸಿಯವರು ಓದುತ್ತಿದ್ದರೆ ಅವರಿಗೊಂದು ಮಾತು. ಕೊನೆಯ ಅಂಗಡಿಯ ಮಾಲು ಮೊದಲು ಒಳಗೆ ಹೋಗಬೇಕು, ಮೊದಲ ಅಂಗಡಿಯದು ಬಾಗಿಲ ಹತ್ತಿರ. ಗೊತ್ತಿರುವ ವಿಷಯವೇ, ಆದರೆ ಬೆಳಿಗ್ಗೆ ಗೋದಾಮಿನಲ್ಲಿ ಕೈಗೆ ಸಿಕ್ಕಿದ್ದನ್ನು ಸಿಕ್ಕಿದಂತೆ ತುಂಬುತ್ತಾರೆ. ಆಗ ಐದು ಪೆಟ್ಟಿಗೆ ಬೇಕಾದ ಅಂಗಡಿಯ ಮುಂದೆ ಹದಿನೈದು ಪೆಟ್ಟಿಗೆ ಇಳಿಸಿ, ಮತ್ತೆ ಹತ್ತನ್ನು ಏರಿಸಬೇಕಾಗುತ್ತದೆ. ಪ್ರತಿ ಅಂಗಡಿಯ ಪೆಟ್ಟಿಗೆಗೆ ಬಿಲ್ಲಿನ ಕ್ರಮಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರೆ ಸಾಕು. ಜೊತೆಗೊಬ್ಬ ಕ್ಲೀನರ್ ಇರಲಿ. ಚಾಲಕನೇ ಇಳಿದು, ಹೊತ್ತು, ಎಣಿಸಿ, ಸಹಿ ಹಾಕಿಸಿ, ಏದುಸಿರು ಬಿಡುತ್ತ ಸ್ಟೇರಿಂಗ್ ಹಿಡಿದರೆ ಅವನಿಗೆ ಎಡಗಡೆಯ ಕನ್ನಡಿ ನೋಡುವ ವ್ಯವಧಾನ ಎಲ್ಲಿಂದ ಬರಬೇಕು?

ಹೊನ್ನಾವರದ ಕಡೆಯಿಂದ ಹೊರಡುವ ಮೀನಿನ ಗಾಡಿಗಳು ಹೆದ್ದಾರಿಯಲ್ಲಿ ಯಮನ ಹಾಗೆ ಬರುತ್ತವೆ. ಐಸ್ ಕರಗಿ ಮೀನು ಕೆಡುತ್ತದೆ, ಅದಕ್ಕೇ ಅವಸರ ಅನ್ನುತ್ತಾರೆ. ನಿಜವೇ?
— ಕಾಸರಕೋಡಿನ ಓದುಗರು

ಐಸಿನ ಮಾತು ಅರ್ಧ ನೆಪ. ಲೆಕ್ಕ ಮಾಡೋಣ. 20 ಕೆ.ಜಿ. ಬಂಗಡೆಯನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 510 ಕಿಲೋ ಕ್ಯಾಲರಿ ಶಾಖ ತೆಗೆಯಬೇಕು. ಒಂದು ಕೆ.ಜಿ. ಐಸ್ ಕರಗುವಾಗ 80 ಕಿಲೋ ಕ್ಯಾಲರಿ ಹೀರುತ್ತದೆ. ಅಂದರೆ ಮೀನು ತಣಿಸಲು ಆರೂವರೆ ಕೆ.ಜಿ. ಐಸ್ ಸಾಕು. ನಮ್ಮ ಸೆಖೆಗೆ ಮೀನು ಎಷ್ಟೋ ಐಸ್ ಅಷ್ಟೇ ಅನ್ನುವುದು ಪದ್ಧತಿ. 20 ಕೆ.ಜಿ.ಗೆ 20 ಕೆ.ಜಿ. ಪುಡಿ ಐಸ್ ಪದರ ಪದರವಾಗಿ ಹಾಕಿ, ಮೇಲೂ ಕೆಳಗೂ ಐಸ್ ಇರುವಂತೆ ತುಂಬಿ, ಥರ್ಮಾಕೋಲ್ ಪೆಟ್ಟಿಗೆ ಮುಚ್ಚಿದರೆ ಹದಿಮೂರು ಕೆ.ಜಿ.ಯಷ್ಟು ದಾರಿಯ ಶಾಖಕ್ಕೆ ಉಳಿಯುತ್ತದೆ. ಹುಬ್ಬಳ್ಳಿಯ ನಾಲ್ಕೈದು ಗಂಟೆಯ ದಾರಿಯಲ್ಲಿ ಅರ್ಧ ಗಂಟೆ ತಡವಾದರೆ ಮೀನು ಕೆಡುವುದಿಲ್ಲ. ಐಸಿನ ದುಡ್ಡು ಉಳಿಸಲು ಅರ್ಧಕ್ಕರ್ಧ ಹಾಕಿ ಹೊರಟವರಿಗೆ ಮಾತ್ರ ನಿಜವಾಗಿಯೂ ಓಡಬೇಕಾಗುತ್ತದೆ.

ನಿಜವಾದ ಅವಸರ ಪೇಟೆಯ ದರದ್ದು. ಮೊದಲು ಮುಟ್ಟಿದ ಗಾಡಿಯ ಮೀನಿಗೆ ಒಳ್ಳೆಯ ರೇಟು. ಹತ್ತು ಗಾಡಿ ಬಂದ ಮೇಲೆ ರೇಟು ಬೀಳುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಅದು ಮುಗಿದ ಆಗಸ್ಟಿನಲ್ಲಿ ಎರಡು ತಿಂಗಳ ಖಾಲಿ ಕಿಸೆ ತುಂಬಿಸುವ ಆತುರ ಒಂದು ಕಡೆ, ಒದ್ದೆ ರಸ್ತೆ ಇನ್ನೊಂದು ಕಡೆ. ಆ ತಿಂಗಳು ಹೆದ್ದಾರಿಯಲ್ಲಿ ಜಾಗ್ರತೆ.

ವೇಗಕ್ಕಿಂತ ಕಡಿಮೆ ಮಾತಿಗೆ ಬರುವ ಅಪಾಯ ಸೋರುವ ಮೀನಿನ ನೀರು. ಉಪ್ಪು, ಲೋಳೆ, ಎಣ್ಣೆಯ ಅಂಶ ಸೇರಿದ ಆ ನೀರು ಹಂಪ್ ಏರುವಾಗ ಮತ್ತು ತಿರುವಿನಲ್ಲಿ ಹೆಚ್ಚು ಚೆಲ್ಲುತ್ತದೆ. ಬೈಕು ಜಾರುವುದೂ ಅಲ್ಲೇ. ಗಾಡಿಯ ಅಡಿಯಲ್ಲಿ ನೀರು ಸಂಗ್ರಹಿಸುವ ಟಾಕಿ, ಅದಕ್ಕೊಂದು ಪೈಪು, ಬಿಗಿಯಾದ ಬಿರಡೆ ಇರಬೇಕು. ಬಿರಡೆ ತೆಗೆದು ಹೆದ್ದಾರಿಯುದ್ದಕ್ಕೂ ಹನಿಸುತ್ತ ಹೋಗುವುದು ದ್ವಿಚಕ್ರದವರ ಪ್ರಾಣದ ಜೊತೆ ಆಟ.

ಶಿರಸಿಯಿಂದ ಕುಮಟಾಕ್ಕೆ ಪಿಕಪ್ಪಿನಲ್ಲಿ ಮಾಲು ಸಾಗಿಸುತ್ತೇನೆ. ದೇವಿಮನೆ ಘಟ್ಟ ಇಳಿಯುವಾಗ ಅರ್ಧಕ್ಕೆ ಬರುವಷ್ಟರಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಸುಟ್ಟ ವಾಸನೆ. ನಿಧಾನ ಇಳಿದರೆ ಯಜಮಾನರು ಫೋನ್ ಮೇಲೆ ಫೋನ್ ಮಾಡುತ್ತಾರೆ. ಗ್ಯಾರೇಜಿನವರು ಹಿಂದೆ ಎರಡು ಪಾಟಾ (ಸ್ಪ್ರಿಂಗಿನ ಪಟ್ಟಿ) ಹೆಚ್ಚಿಗೆ ಹಾಕಿಸು ಅಂದರು.
— ಚಾಲಕರೊಬ್ಬರು

ಮೊದಲು ಪಾಟಾ ವಿಷಯ ಮುಗಿಸೋಣ. ಪಾಟಾ ಹೆಚ್ಚಿಸಿದರೆ ಭಾರಕ್ಕೆ ಗಾಡಿ ಕೂರುವುದಿಲ್ಲ, ಅಷ್ಟೇ. ಬ್ರೇಕು, ಟೈರು, ಆಕ್ಸಲ್ ಮೊದಲು ಇದ್ದಷ್ಟೇ ಇರುತ್ತವೆ. ಗಾಡಿ ಕೂರದಿದ್ದಾಗ ಇನ್ನೂ ಹೇರಬಹುದು ಅನ್ನಿಸುತ್ತದೆ. ಖಾಲಿ ಬರುವಾಗ ಹಿಂಬದಿ ಕುಣಿದು, ಒದ್ದೆ ರಸ್ತೆಯಲ್ಲಿ ಬಾಲ ಬೀಸುತ್ತದೆ. ಹಾಕಿಸಬೇಡಿ. ಆರ್.ಸಿ.ಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಬರುವುದೇ ನಿಮ್ಮ ಮಿತಿ. ಮಿತಿ 750 ಕೆ.ಜಿ. ಇರುವ ಸಣ್ಣ ಗಾಡಿಗೆ ಸಿಮೆಂಟ್ ಆದರೆ 15 ಚೀಲ, ತುಂಬಿದ ಅಡುಗೆ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ತೂಗುವುದರಿಂದ 25. ಅಲ್ಲಿಗೆ ಮುಗಿಯಿತು.

ಇನ್ನು ಬ್ರೇಕ್. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಲೈನಿಂಗ್, ಅಂದರೆ ಚಕ್ರದ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ, ಕಾದಿದೆ ಅಂತ ಅರ್ಥ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿಗೆ ಕುದಿಯುವುದು, ತೇವ ಸೇರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ರಲ್ಲಿ ಇದು 230 ಮತ್ತು 155. ನಮ್ಮ ಕರಾವಳಿಯ ಮಳೆ, ತೇವಕ್ಕೆ ಎರಡು ವರ್ಷ ಕಾಯಬೇಡಿ, ಪ್ರತಿ ವರ್ಷ ಮಳೆಗಾಲದ ಮೊದಲು ಬದಲಿಸಿ. ನಿಮ್ಮ ಗಾಡಿಗೆ ಯಾವುದು ಅಂತ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಅದಕ್ಕಿಂತ ಕೆಳಗಿನದನ್ನು ಹಾಕಿಸಬೇಡಿ.

ಇಳಿಯುವ ಕ್ರಮ: ಇಳಿಜಾರು ಶುರುವಾಗುವ ಮೊದಲೇ, ಅದೇ ಏರನ್ನು ಹತ್ತಲು ಯಾವ ಗೇರ್ ಬೇಕೋ ಆ ಗೇರಿಗೆ ಇಳಿಸಿ. ಎರಡನೆಯದು, ಹೆಚ್ಚೆಂದರೆ ಮೂರನೆಯದು. ಎಂಜಿನ್ನೇ ಗಾಡಿಯನ್ನು ಹಿಡಿದಿಡಲಿ. ವೇಗ ಹೆಚ್ಚಾದಾಗ ಮೂರು-ನಾಲ್ಕು ಸೆಕೆಂಡ್ ಗಟ್ಟಿಯಾಗಿ ಬ್ರೇಕ್ ಒತ್ತಿ, ಪೂರ್ತಿ ಬಿಟ್ಟುಬಿಡಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದರಿಂದಲೇ ಡ್ರಮ್ ಕಾಯುವುದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದಂತೂ ಬೇಡವೇ ಬೇಡ. ಎಂಜಿನ್ ಬಂದ್ ಮಾಡಿದರೆ, ಪೆಡಲ್ ಹಗುರವಾಗಿ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿನಲ್ಲಿ ಎರಡು-ಮೂರು ಸಲ ಒತ್ತುವಷ್ಟು ನಿರ್ವಾತ ಮಾತ್ರ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ.

ವಾಸನೆ ಬಂತೋ, ಅಗಲವಿರುವ ಕಡೆ ನಿಲ್ಲಿಸಿ 20-30 ನಿಮಿಷ ಬಿಡಿ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ರಿವರ್ಸ್ ಗೇರಿನಲ್ಲಿ ಇಟ್ಟು ಚಕ್ರದ ಮುಂದೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ನಿಮ್ಮ ಕೈಯಾರೆ ಎತ್ತಿ ಚರಂಡಿಯಾಚೆ ಎಸೆಯಿರಿ. ಬಿಟ್ಟು ಹೋದ ಆ ಕಲ್ಲು ಮಂಜು ಕವಿದ ಬೆಳಗಿನಲ್ಲಿ ಬೈಕಿನವರಿಗೆ ಕಾಣುವುದಿಲ್ಲ.

ಯಜಮಾನರ ಫೋನು ಘಟ್ಟ ಮುಗಿಯುವ ತನಕ ಸೈಲೆಂಟಿನಲ್ಲಿರಲಿ. ಘಟ್ಟ ಇಳಿಯಲು ಹತ್ತು ನಿಮಿಷ ಹೆಚ್ಚು ಬೇಕು ಅಂತ ಹೊರಡುವ ಮೊದಲೇ ಅವರಿಗೆ ಹೇಳಿಬಿಡಿ. ಹೊತ್ತು ಕೊಡದೆ ಬೈಯುವ ಮಾಲೀಕರಿಗೆ ಈ ಪುಟವನ್ನೇ ತೋರಿಸಿ.

ಕಾಳಿ ಸೇತುವೆ ಮೇಲೆ ಗೂಡ್ಸ್ ಗಾಡಿಗಳು ಬೆನ್ನಿಗೆ ಅಂಟಿಕೊಂಡೇ ಬರುತ್ತವೆ. ಎಷ್ಟು ಅಂತರ ಇರಬೇಕು?
— ಸದಾಶಿವಗಡದ ಓದುಗರು

2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನ ಒಂದೇ ಸೇತುವೆಗೆ ಬಂದು, ಓವರ್‌ಟೇಕಿಗೆ ಜಾಗವಿಲ್ಲದ ಸಿಟ್ಟು ಹಿಂದಿನಿಂದ ಒತ್ತುವ ರೂಪ ತಾಳಿತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಹದಿನೇಳು ಮೀಟರಿನಷ್ಟು ಹೋಗುತ್ತದೆ. ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ, ಒದ್ದೆ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಒಟ್ಟು 50 ಮೀಟರ್ ಬೇಕು. 40ರಲ್ಲಿ 27 ಮೀಟರ್ ಸಾಕು. ಹಿಂದಿನವನು ಅಂಟಿಕೊಂಡರೆ ನೀವು ವೇಗ ಹೆಚ್ಚಿಸಬೇಡಿ. ನಿಮ್ಮ ಮುಂದಿನ ಅಂತರವನ್ನು ಇಮ್ಮಡಿ ಮಾಡಿಕೊಳ್ಳಿ. ಆಗ ನೀವು ಗಕ್ಕನೆ ಬ್ರೇಕ್ ಹಾಕಬೇಕಾಗುವುದಿಲ್ಲ, ಅವನು ನಿಮಗೆ ಗುದ್ದುವುದೂ ತಪ್ಪುತ್ತದೆ.

ಕುಮಟಾದ ಗಿಬ್ ಸರ್ಕಲ್ಲಿನಲ್ಲಿ ದಿನವೂ ಸ್ಕೂಟರ್ ಓಡಿಸುತ್ತೇನೆ. ಇಂಥ ಗಾಡಿ ಪಕ್ಕದಲ್ಲಿದ್ದರೆ ಎಲ್ಲಿ ಇರಬೇಕು?
— ಕಾಲೇಜು ವಿದ್ಯಾರ್ಥಿನಿ

ಎಡಗಡೆ ಮಾತ್ರ ಇರಬೇಡಿ. ಗಾಡಿ ಬದಿಗೆ ಬರುವುದು ಎಡಕ್ಕೇ. ಹಿಂದೆ ಪೆಟ್ಟಿಗೆ ಕಟ್ಟಿದ ಗಾಡಿಗೆ ಒಳಗಿನ ಕನ್ನಡಿಯಿಂದ ಏನೂ ಕಾಣುವುದಿಲ್ಲ, ಬದಿಯ ಎರಡು ಕನ್ನಡಿಯೇ ಗತಿ. ಆ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ನಿಂತ ಗಾಡಿಯನ್ನು ದಾಟುವಾಗ ಒಂದು ಬಾಗಿಲಿನಗಲ, ಅಂದರೆ ಮೂರೂವರೆ ಅಡಿ, ದೂರ ಹೋಗಿ. ಮುಂದಿನ ಚಕ್ರ ಬಲಕ್ಕೆ ತಿರುಗಿದ್ದರೆ ಇಂಡಿಕೇಟರ್ ಹಾಕಿರಲಿ ಬಿಡಲಿ, ಅದು ಹೊರಡಲಿದೆ.

ಇವರಿಗೆ ಬೇರೆ ಲೈಸೆನ್ಸ್, ದುಡಿಮೆಯ ಹೊತ್ತಿನ ಮಿತಿ ಏನೂ ಇಲ್ಲವೇ?
— ಭಟ್ಕಳದ ನಿವೃತ್ತ ನೌಕರರು

ಒಟ್ಟು ತೂಕ 7,500 ಕೆ.ಜಿ.ವರೆಗಿನ ಗೂಡ್ಸ್ ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಇದನ್ನೇ ಎತ್ತಿಹಿಡಿಯಿತು. ಹಾಗಾಗಿ ಭಾರ ಹೇರಿದ ಗಾಡಿಯ ತರಬೇತಿ ಮಾಲೀಕರೇ ಕೊಡಿಸಬೇಕು, ಕೊಡಿಸುವವರು ಕಡಿಮೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಮಿತಿ ಹಾಕಿತ್ತು, ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೆರಡು ಗಾಡಿಯ ಏಜೆನ್ಸಿಗಳು ಅದರಿಂದ ಹೊರಗೇ ಉಳಿದವು.

ಅಪಾಯವಾಗುವಂತೆ ಓಡಿಸಿದವರ ಮೇಲೆ ದೂರು ಕೊಟ್ಟರೆ ಏನಾದರೂ ಆಗುತ್ತದೆಯೇ?
— ಅಂಕೋಲಾದ ಓದುಗರು

ವಿವರ ಸರಿಯಾಗಿದ್ದರೆ ಆಗುತ್ತದೆ. ನಂಬರ್ ಪೂರ್ತಿ ಬರೆದುಕೊಳ್ಳಿ. ಉತ್ತರ ಕನ್ನಡ ಜಿಲ್ಲೆಯಲ್ಲೇ ಕೆಎ-30 ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ. ಕೊನೆಯ ನಾಲ್ಕಂಕಿ ಮಾತ್ರ ಹೇಳಿದರೆ ಹುಡುಕುವುದು ಕಷ್ಟ. ಜಾಗ, ಯಾವ ದಿಕ್ಕಿಗೆ ಹೋಗುತ್ತಿತ್ತು, ಗಂಟೆ-ನಿಮಿಷ, ಏನು ಮಾಡಿದ ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. “ರ್‍ಯಾಶ್ ಆಗಿ ಹೋದ” ಅಂದರೆ ಸಾಲದು. “ಎದುರು ದಿಕ್ಕಿನಲ್ಲಿ ಬಂದ”, “ಕೈಯಲ್ಲಿ ಫೋನ್ ಹಿಡಿದು ಓಡಿಸಿದ”, “ಕೆಂಪು ದೀಪ ದಾಟಿದ” ಅನ್ನಿ. ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಇವನ್ನೆಲ್ಲ ಅಪಾಯಕಾರಿ ಚಾಲನೆ ಅಂತಲೇ ಹೆಸರಿಸಿದೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮಿತಿ ಮೀರಿ ಭಾರ ಹೇರಿದ್ದರೆ 194ನೇ ಕಲಮಿನಲ್ಲಿ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಈ ಕಲಂ ಓಡಿಸಿದವನನ್ನಷ್ಟೇ ಅಲ್ಲ, ಓಡಿಸಲು ಬಿಟ್ಟವರನ್ನೂ ಹಿಡಿಯುತ್ತದೆ.

ಆಗಲೇ ಅಪಾಯ ಇದ್ದರೆ 112. ಬೆನ್ನಟ್ಟಿ ಹೋಗಬೇಡಿ. ಗಾಡಿಯ ಮೈಮೇಲೆ ಏಜೆನ್ಸಿಯ ಫೋನ್ ನಂಬರ್ ಇದ್ದರೆ ಮಾಲೀಕರಿಗೂ ತಿಳಿಸಿ, ಸಿಟ್ಟಿಲ್ಲದೆ ವಿವರ ಮಾತ್ರ ಹೇಳಿ. ಜೊತೆಗೆ ಆ ಗಾಡಿಗೆ ದಿನಕ್ಕೆ ಎಷ್ಟು ಅಂಗಡಿ ಕೊಡುತ್ತೀರಿ ಅಂತ ಕೇಳಿ.